ನಮ್ಮ ಅಂಗಳದ ‘ಯೆಸ್’ ಬೋರ್ಡು

ಮೊನ್ನೆ ಗ್ಯಾರೇಜು ಗುಡಿಸುವಾಗ ತಂತಿಕಾಲಿನ ಪ್ಲಾಸ್ಟಿಕ್ ಬೋರ್ಡೊಂದು ಸಿಕ್ಕಿತು. ಶಾಲೆಗೆ ‘ಯೆಸ್’ ಹಾಕಿ ಎಂದು ಅದರ ಮೇಲೆ ಬರೆದಿತ್ತು. ಕಾಲಿಗೆ ಅಂಟಿದ ಮಣ್ಣು ಇನ್ನೂ ಉದುರಿರಲಿಲ್ಲ. ಆ ಬೋರ್ಡನ್ನು ನಮ್ಮ ಅಂಗಳದಲ್ಲಿ ನೆಟ್ಟವರು ಪಕ್ಕದ ಮನೆಯ ತಾತ... ತಾತ ಎಂದು ಹೆಸರಿಟ್ಟವಳು ನನ್ನ ಮಗಳು. ಅಪ್ಪಟ ಅಮೆರಿಕನ್ನರಾದರೂ ಅವರು ಆ ಹೆಸರಿಗೆ ಓಗೊಡುತ್ತಿದ್ದರು.

ನಮ್ಮ ರಾಜ್ಯದ ರಾಜಧಾನಿ ಒಲಿಂಪಿಯಾದಲ್ಲಿ, ರಾಜ್ಯದ ಬಜೆಟ್ ತಯಾರಿಸುವ ಕಚೇರಿಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾಗಿ ನಮ್ಮೂರು ಸಮಾಮಿಶ್‌ಗೆ ಬಂದವರು. ಕೋಟಿನ ಜೇಬಿನಲ್ಲಿ ಸದಾ ರಾಜ್ಯ ಸಂವಿಧಾನದ ಪುಟ್ಟ ಪುಸ್ತಕ, ಅದಕ್ಕೊಂದು ರಬ್ಬರ್ ಬ್ಯಾಂಡ್. ನಮ್ಮ ಹಿರಿಯರು ಪಂಚಾಂಗ ತೆಗೆದಂತೆ ಮಾತುಮಾತಿಗೆ ಅದನ್ನು ತೆಗೆಯುತ್ತಿದ್ದರು. ಮನೆ ತೆರಿಗೆಗೆ ಇಷ್ಟೇ ಮಿತಿ ಎಂದು ಅದರಲ್ಲಿದೆ. ಶಾಲೆ ಕಟ್ಟಲು ಆ ಮಿತಿ ದಾಟಿ ತೆರಿಗೆ ಹಾಕಬೇಕಾದರೆ ಮತ ಹಾಕಿದ ನೂರರಲ್ಲಿ ಅರವತ್ತು ಮಂದಿ ಒಪ್ಪಬೇಕು. ರಾಜ್ಯದ ಬಜೆಟ್ಟು ಟೀಚರುಗಳ ಸಂಬಳ ಕೊಡುವಷ್ಟರಲ್ಲೇ ಸುಸ್ತಾಗುತ್ತದೆ, ಸೋರುವ ಸೂರಿಗೆ ನೆರೆಹೊರೆಯವರನ್ನೇ ಕೇಳಬೇಕು ಎನ್ನುತ್ತಿದ್ದರು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ನಮ್ಮ ಗಾದೆಯನ್ನು ನಾನು ಜಾಣತನದಿಂದ ಹೇಳಿದೆ. ಅವರು, “ಮಕ್ಕಳ ಕಾಲು ಬೆಳೆಯುತ್ತಲ್ಲ?” ಎಂದರು.

ನನ್ನ ಮಗಳ ತರಗತಿ ನಡೆಯುತ್ತಿದ್ದದ್ದು ಶಾಲೆಯ ಹಿಂದೆ ತಂದಿಟ್ಟಿದ್ದ ತಾತ್ಕಾಲಿಕ ಡಬ್ಬಿಕೋಣೆಯಲ್ಲಿ. ಮಳೆ ಬಂದರೆ ನಡುವೆ ಒಂದು ಬಕೆಟ್. ಆ ಸೂರಿಗಾಗಿ ತೆರಿಗೆ ಏರಿಸುವ ಪ್ರಸ್ತಾವ ಆ ವರ್ಷ ಮತಕ್ಕೆ ಬಂದಾಗ, ತಾತ ನೋಯುವ ಮಂಡಿ ಹೊತ್ತು ಯೆಸ್ ಕೇಳುತ್ತ ಮನೆಮನೆ ಅಲೆದರು. ಪ್ರಸ್ತಾವ ಗೆದ್ದರೆ ಅವರ ಪಿಂಚಣಿಯಿಂದಲೂ ಹೆಚ್ಚು ತೆರಿಗೆ ಹೋಗುತ್ತಿತ್ತು. ಬೋರ್ಡು ಹಾಕಲೇ ಎಂದು ಕೇಳಿದಾಗ ನನಗೆ ಇಲ್ಲವೆನ್ನಲು ಬಾಯಿ ಬರಲಿಲ್ಲ. ನಮ್ಮವರ ಹಾಳು ದಾಕ್ಷಿಣ್ಯ!

ಸಂಜೆ ನನ್ನ ಗಂಡ ರೇಗಿದ. “ಆಫೀಸಲ್ಲಿ ಲೇಆಫ್ ಸುದ್ದಿ ಓಡಾಡ್ತಿದೆ. ನೀನು ಟ್ಯಾಕ್ಸ್ ಜಾಸ್ತಿ ಮಾಡಿ ಅಂತ ಬೋರ್ಡ್ ಹಾಕಿಸ್ಕೊಂಡಿದೀಯಲ್ಲ!”

ಆಗಷ್ಟೇ ಸಿಟಿಜನ್‌ಶಿಪ್ ಸಿಕ್ಕಿತ್ತು, ಅದು ನನ್ನ ಮೊದಲ ಮತ. ಮತದಾನದ ದಿನ ಬೆಳಿಗ್ಗೆಯೇ ತಲೆಗೆ ಸ್ನಾನ ಮಾಡಿ, ಇಸ್ತ್ರಿ ಸೀರೆ ಉಟ್ಟು, ತಾತನ ಬಾಗಿಲು ತಟ್ಟಿ ಬೂತ್ ಎಲ್ಲಿ ಎಂದು ಕೇಳಿದೆ. ಇಲ್ಲಿ ಮತಪತ್ರ ವಾರಗಳ ಮುಂಚೆ ಅಂಚೆಯಲ್ಲಿ ಮನೆಗೇ ಬರುತ್ತದಂತೆ. ಬಂದಿತ್ತು. ಪಿಜ್ಜಾ ಕೂಪನ್ನುಗಳ ಜೊತೆ ಅದನ್ನೂ ರದ್ದಿಗೆ ಹಾಕಿದ್ದೆ! ತಾತ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಹೊಸ ಪತ್ರ ಕೊಡುವ ಕೇಂದ್ರವೊಂದಿದೆ ಎಂದು ಕಾರಿನ ಕೀ ತೆಗೆದುಕೊಂಡರು.

ದಾರಿಯಲ್ಲಿ ನಾನು ತಮಾಷೆಯಂತೆ ಕೇಳಿದೆ, “ನಾನು ನೋ ಹಾಕಿದರೆ?”

“ಆಗಲೂ ಕರೆದುಕೊಂಡು ಹೋಗುತ್ತೇನೆ.”

ಆಮೇಲೆ ತಮ್ಮ ಅಮ್ಮನ ಕಥೆ ಹೇಳಿದರು. ವಿಧವೆ. ತೆರಿಗೆ ನೋಟಿಸು ಬಂದಾಗಲೆಲ್ಲ ಮನೆ ಹೋಗಿಬಿಡುತ್ತದೆಂದು ಹೆದರುತ್ತಿದ್ದರಂತೆ. “ಮಿತಿ ಅವಳಂಥವರಿಗಾಗಿ ಇದೆ, ಇರಲಿ. ಜನರನ್ನು ಒಪ್ಪಿಸಿ ಅದನ್ನು ದಾಟುವುದು ನನ್ನ ಕೆಲಸ.” ತನ್ನನ್ನೇ ಸೋಲಿಸಬಲ್ಲ ನಿಯಮಕ್ಕೆ ಕೈ ಮುಗಿದು ಆಟಕ್ಕಿಳಿದ ಆ ಮನುಷ್ಯನನ್ನು ಬೆರಗಾಗಿ ನೋಡಿದೆ.

ನೋಡಿಯೂ, ಒಳಗೆ ಹೋಗಿ ‘ನೋ’ ಹಾಕಿ ಬಂದೆ. ಲೇಆಫ್ ಸುದ್ದಿ ತಲೆಯಿಂದ ಇಳಿದಿರಲಿಲ್ಲ. ಅವರು ಕಾರು ತಿರುಗಿಸಿ ಮನೆಯತ್ತ ಹೊರಟರು.

ಅರ್ಧಕ್ಕಿಂತ ಹೆಚ್ಚು ಜನ ಯೆಸ್ ಎಂದಿದ್ದರು, ಆದರೆ ಅರವತ್ತು ಮುಟ್ಟಲಿಲ್ಲ. ಪ್ರಸ್ತಾವ ಬಿದ್ದುಹೋಯಿತು. ಬೋರ್ಡುಗಳನ್ನು ಕೀಳಲು ತಾತ ಬಂದ ದಿನ ನನಗೆ ತಡೆಯಲಾಗದೆ, “ನಾನು ಅವತ್ತು...” ಎಂದು ಶುರುಮಾಡಿದೆ. ಅವರು ಕೈ ಎತ್ತಿ ತಡೆದು ಜೇಬು ಮುಟ್ಟಿದರು. “ಮತ ಗುಟ್ಟಾಗಿರಬೇಕು. ಅದೂ ಈ ಪುಸ್ತಕದಲ್ಲೇ ಇದೆ.” ನಮ್ಮ ಬೋರ್ಡನ್ನು ಮಾತ್ರ ನನ್ನ ಕೈಗೇ ಕೊಟ್ಟರು. “ಇಟ್ಟುಕೊಳ್ಳಿ, ಮುಂದಿನ ಸಲಕ್ಕೆ ಬೇಕಾಗುತ್ತದೆ.” ಅವರಿಗೆ ಗೊತ್ತಾಗಿತ್ತೇನೋ...

ಮುಂದಿನ ಸಲ ನಾನು ಯೆಸ್ ಹಾಕಿದೆ, ಪ್ರಸ್ತಾವ ಗೆದ್ದಿತು. ಆದರೆ ಅದನ್ನು ಕೇಳಲು ತಾತ ಇರಲಿಲ್ಲ. ಅದಕ್ಕೆ ಹಿಂದಿನ ಚಳಿಗಾಲದಲ್ಲೇ ತೀರಿಕೊಂಡಿದ್ದರು.

ಈಗ ಇನ್ನೊಂದು ಶಾಲೆಯ ಸರದಿ. ಬೋರ್ಡು ಒರೆಸಿಕೊಂಡು ಪಕ್ಕದ ಮನೆಗೆ ಹೋಗಿ, ಅಂಗಳದಲ್ಲಿ ನೆಡಲೇ ಎಂದು ಕೇಳಿದೆ. ತಾತನ ಮನೆ ಕೊಂಡವರು ಮೈಸೂರಿನ ದಂಪತಿ, ಹೊಸದಾಗಿ ಸಿಟಿಜನ್‌ಶಿಪ್ ಪಡೆದವರು. “ಅಯ್ಯೋ, ಧಾರಾಳವಾಗಿ ಹಾಕಿ ಆಂಟಿ” ಎಂದು ಆ ಹುಡುಗಿ ನಕ್ಕಳು. ಅವಳ ಗಂಡ ಒಳಗಿನಿಂದ ಮುಖ ಗಂಟಿಕ್ಕಿ ನೋಡುತ್ತಿದ್ದ. ಅವಳ ಆ ದಾಕ್ಷಿಣ್ಯದ ನಗು ನನಗೆ ಚೆನ್ನಾಗಿ ಗೊತ್ತು.

“ನೋ ಹಾಕೋದಾದ್ರೂ ಹಾಕಮ್ಮ. ಅಂಚೇಲಿ ಬರೋ ಕವರ್ ಮಾತ್ರ ಬಿಸಾಡ್ಬೇಡ. ಬಿಸಾಡಿದ್ರೆ ಕಾಲ್ ಮಾಡು, ನಾನೇ ಡ್ರೈವ್ ಮಾಡ್ತೀನಿ,” ಎಂದೆ.