ಕಿಲ್‌ಬ್ರೇ ಊರಿನ ಗೋಡೆ

ಜಪಾನಿನ ನಗೋಯಾ ಪಕ್ಕದ ಪುಟ್ಟ ಪಟ್ಟಣವೊಂದಕ್ಕೆ ಸ್ಕಾಟ್ಲೆಂಡಿನ ಕಿಲ್‌ಬ್ರೇ ಎಂಬ ಊರಿನೊಡನೆ ಸಿಸ್ಟರ್ ಸಿಟಿ ನಂಟು, ಅಂದರೆ ಊರೂರಿನ ಅಕ್ಕತಂಗಿತನ. ವರ್ಷಕ್ಕೊಮ್ಮೆ ಆ ಊರಿನ ಹುಟ್ಟು, ಗುಣ ಕುರಿತು ಇಂಗ್ಲಿಷಿನಲ್ಲಿ ಉಪನ್ಯಾಸ ಆಗಲೇಬೇಕು. ಮಾಡುವವರು ನಮ್ಮ ಹರಿಪ್ರಸಾದರು. ಕಾರಿನ ಬ್ರೇಕಿನ ಸಾಫ್ಟ್‌ವೇರ್ ಪರೀಕ್ಷಿಸುವ ಈ ಮಹಾಶಯರು ಸ್ಕಾಟ್ಲೆಂಡನ್ನು ನಕ್ಷೆಯಲ್ಲಿ ಮಾತ್ರ ಕಂಡವರು. ಇಂಗ್ಲಿಷ್ ಬರುತ್ತದೆ ಅಂದಮೇಲೆ ಸ್ಕಾಟ್ಲೆಂಡೂ ಬರುತ್ತದೆ ಎಂದು ನಗರ ಕಚೇರಿಯ ಮಿಜುನೊ ಸಾನ್ ತೀರ್ಮಾನಿಸಿದರು. ಇವರಾದರೂ ಇಲ್ಲ ಅನ್ನಬಾರದೆ? ಆಫೀಸಿನಲ್ಲಿ ಎಲ್ಲರಿಂದ ಬೈಸಿಕೊಳ್ಳುವ ಮನುಷ್ಯನನ್ನು ಅಲ್ಲಿ 'ಸೆನ್‌ಸೇ', ಅಂದರೆ ಗುರುಗಳು, ಎಂದು ಕರೆದರು. ಕರಗಿಹೋದರು.

ಇಂಟರ್‌ನೆಟ್ಟಿನಲ್ಲಿ ಸಿಕ್ಕಿದ್ದು ನಾಲ್ಕೇ ಸಾಲು. ಹರಿಪ್ರಸಾದರು ಅರಸೀಕೆರೆ ಹತ್ತಿರದ ತಮ್ಮ ಹುಟ್ಟೂರು ಕಲ್ಲುಗೆರೆಯ ಕಥೆಯನ್ನೇ ಎತ್ತಿ ಅಲ್ಲಿಗಿಟ್ಟರು. ಅಣ್ಣತಮ್ಮಂದಿರಿಬ್ಬರು ಬಂದು ನೆಲೆಸಿದರು; ತಮ್ಮನಾದವನು ನಡುವಿನ ಗೋಡೆಯನ್ನು ಒಂದು ಮಾರು ಜರುಗಿಸಿದ; ಜಗಳವಾಗಿ ಅಣ್ಣನದು ಮೇಲಿನ ಬೀದಿ, ತಮ್ಮನದು ಕೆಳಗಿನ ಬೀದಿ ಆಯಿತು. ಇನ್ನೂರು ವರ್ಷದಿಂದ ಮಾತಿಲ್ಲ, ಆದರೆ ಯಾರ ಮನೆಯಲ್ಲಿ ಏನು ಸಾರು ಎಂಬುದು ಎಲ್ಲರಿಗೂ ಗೊತ್ತು. ಸಾರಿನ ಬದಲು ಸೂಪ್ ಎಂದರು, ಅಷ್ಟೆ. ಆರು ವರ್ಷ ಜಪಾನೀಯರು ತಲೆಯಾಡಿಸುತ್ತ ಬರೆದುಕೊಂಡರು.

ಏಳನೇ ವರ್ಷ ಗ್ರಹಚಾರ ವಿಮಾನ ಹತ್ತಿ ಬಂತು. ಕಿಲ್‌ಬ್ರೇ ಪುರಸಭೆಯ ಅಧ್ಯಕ್ಷೆ, ಎಪ್ಪತ್ತರ ಮಿಸೆಸ್ ರಿಚೀ, ಉಪನ್ಯಾಸ ಕೇಳಲು ಬರುತ್ತಾರಂತೆ!

"ರೀ, ಜ್ವರ ಅಂತ ಮೆಸೇಜ್ ಹಾಕ್ಬಿಡಿ," ಎಂದರು ಹೆಂಡತಿ ಕಮಲಾಕ್ಷಿ.

"ಆಮೇಲೆ ನನ್ನ ಸೆನ್‌ಸೇ ಅಂತ ಯಾರೇ ಕರೀತಾರೆ? ನೀನು ಕರೀತೀಯಾ?"

"ನಾನ್ಯಾಕ್ರೀ ಕರೀಲಿ! ಆರು ವರ್ಷದಿಂದ ಆ ಬುರುಡೆ ಕೇಳ್ತಿದೀನಿ."

ಬೆವರುತ್ತಲೇ ಉಪನ್ಯಾಸ ಮುಗಿಸಿದರು. ಮುಂದಿನ ಸಾಲಿನಿಂದ ಮಿಸೆಸ್ ರಿಚೀ ಎದ್ದು ನಿಂತರು. ಮುಖ ಕೆಂಪಗಾಗಿತ್ತು. ಇನ್ನು ಮಾನ ಹೋಯಿತು ಎಂದು ಹರಿಪ್ರಸಾದರು ಮೇಜು ಹಿಡಿದುಕೊಂಡರು.

"ಬೀದಿ, ಜಗಳ, ಸೂಪು, ಎಲ್ಲ ನಿಜ. ನಿಮಗೆ ಯಾರು ಹೇಳಿದರೋ! ಆದರೆ ನಾನು ಕೆಳಗಿನ ಬೀದಿಯವಳು. ಗೋಡೆ ಜರುಗಿಸಿದವರು ನಾವಲ್ಲ, ಮೇಲಿನ ಬೀದಿಯವರು!"

ಬದುಕಿದೆಯಾ ಬಡಜೀವವೇ ಎಂದು ಕೈಮುಗಿದು ಕೂರಬೇಕಾದ ಗಳಿಗೆ. ಆದರೆ ಹರಿಪ್ರಸಾದರು ಹುಟ್ಟಿದ್ದು ಕಲ್ಲುಗೆರೆಯ ಮೇಲಿನ ಬೀದಿಯಲ್ಲಿ.

"ಸುಳ್ಳು! ನಮ್ಮ ತಾತ ಸಾಯೋತನಕ ಆ ಗೋಡೆ ನೋಡ್ಕೊಂಡು ಅತ್ತಿದಾರೆ ಕಣಮ್ಮ!" ಎಂದು ಕನ್ನಡದಲ್ಲೇ ಅಬ್ಬರಿಸಿದರು. ಆಕೆಯೂ ತಮ್ಮೂರ ಭಾಷೆಗಿಳಿದರು. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯಲಿಲ್ಲ. ಉತ್ತರ ಮಾತ್ರ ಒಂದೂ ತಪ್ಪಲಿಲ್ಲ. ಎಂಥ ಆಳವಾದ ಅಧ್ಯಯನ ಎಂದು ಸಭೆಯೆಲ್ಲ ಎದ್ದು ಚಪ್ಪಾಳೆ ತಟ್ಟಿತು.

ಸೆನ್‌ಸೇ ಪದವಿ ಉಳಿಯಿತು. ಮಿಸೆಸ್ ರಿಚೀಗೂ ಅವರಿಗೂ ಅಂದಿನಿಂದ ಮಾತಿಲ್ಲ. ಆದರೆ ಆಕೆ ತಿಂಗಳಿಗೊಮ್ಮೆ ಮಿಜುನೊ ಸಾನ್‌ಗೆ ಈಮೇಲ್ ಬರೆದು, ಸೆನ್‌ಸೇ ಮನೆಯಲ್ಲಿ ಈಗೇನು ಸೂಪು ಎಂದು ವಿಚಾರಿಸುತ್ತಾರಂತೆ.