ಸೋಮವಾರ ಕೊಂದ ಗೌರಿ

ಗೌರಿಯನ್ನು ಕೊಂದವನು ನಾನೇ. ಒಂದು ಸೋಮವಾರ, ಹರವೆಯ ನಮ್ಮ ಮನೆಯ ನಡುಮನೆಯಲ್ಲಿ ಕೂತು, ಕೈಯಲ್ಲಿ ಮೌಸ್ ಹಿಡಿದು. ನಗಬೇಕೆನ್ನುವವರು ಈಗಲೇ ನಕ್ಕುಬಿಡಿ — ಆಮೇಲೆ ಕತೆ ನಿಲ್ಲಿಸಲು ನನಗೆ ಪುರುಸೊತ್ತಿಲ್ಲ.

ಗೌರಿ ಒಂದು ಡಾಲ್ಫಿನ್. ಹಳೆಯ ಕಾಲದ ಹಾಯಿಹಡಗುಗಳ ಕಂಪ್ಯೂಟರ್ ಆಟವೊಂದರಲ್ಲಿ, ನನ್ನ ಹಡಗಿನ ಪಕ್ಕದಲ್ಲೇ ನೆಗೆಯುತ್ತ ಬರುತ್ತಿತ್ತು. ಮೊದಲ ದಿನ ಚೆಂಡುಹೂವಿನ ಹೊಲದಿಂದ ಬಂದ ದೊಡ್ಡಮ್ಮ ಅದನ್ನು ನೋಡಿ ಸಿಡುಕಿದಳು. "ಏನ್ಲಾ ಇದು, ಲಿಂಗ ಕಟ್ಟಿದೋರ ಮನೇಲಿ ಮೀನು?" ಕಂಪ್ಯೂಟರನ್ನೇ ಹೊರಗೆ ಹಾಕಿಸುತ್ತಾಳೆಂದು ಹೆದರಿ, "ಮೀನಲ್ಲ ದೊಡ್ಡಮ್ಮ, ಮರಿ ಹಾಕಿ ಹಾಲು ಕುಡಿಸ್ತದೆ" ಅಂದೆ. ಅದು ಸುಳ್ಳೇನಲ್ಲ.

"ಹಾಲು ಕುಡಿಸೋದಾದ್ರೆ ದನಾನೇ ಬುಡು" ಎಂದು, ಹಸುವಿಗೆ ಇಡುವ ಹಾಗೆ ಗೌರಿ ಅಂತ ಹೆಸರಿಟ್ಟಳು. ನಮ್ಮಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲವಲ್ಲ — "ಸ್ವಾಮಾರ ಹಡಗೂ ಕಟ್ಬ್ಯಾಡ, ಗೌರೀನೂ ಓಡಿಸ್ಬ್ಯಾಡ" ಅಂತ ಕಟ್ಟಪ್ಪಣೆಯೂ ಆಯಿತು. ಮಕ್ಕಳಿಲ್ಲದ ದೊಡ್ಡಮ್ಮ ದಿನಾ ಸಂಜೆ ಕಾಲು ತೊಳೆದು ಬಂದು ಕೇಳುತ್ತಿದ್ದಳು: "ಗೌರಿ ಬಂದ್ಲಾ?" ಯಾವ ಡಾಲ್ಫಿನ್ ನೆಗೆದರೂ ನಾನು "ಬಂದ್ಲು" ಅನ್ನುತ್ತಿದ್ದೆ.

ಆ ಸೋಮವಾರ ಅವಳು ಗುಂಡ್ಲುಪೇಟೆಗೆ ಹೋಗಿದ್ದಳು. ಹಡಗನ್ನು ಬಲಪಡಿಸಬೇಕೆಂದರೆ ಬೇಟೆಯಾಡಿ ಚರ್ಮ ತರಬೇಕು — ಆಟದ ನಿಯಮ. ಪಕ್ಕದಲ್ಲೇ ನೆಗೆಯುತ್ತಿದ್ದ ಗೌರಿಗೆ ಈಟಿ ಎಸೆದೆ. ನೀರು ಕೆಂಪಾಯಿತು. ಗುರಿ ತಪ್ಪಲಿಲ್ಲವೆಂದು ಖುಷಿಪಟ್ಟೆ, ಅದನ್ನೂ ಮುಚ್ಚಿಡುವುದಿಲ್ಲ. ಸಂಜೆ ದೊಡ್ಡಮ್ಮ ಬರುವಷ್ಟರಲ್ಲಿ ಆಟ ಇನ್ನೊಂದು ಡಾಲ್ಫಿನನ್ನು ತಂದು ಬಿಟ್ಟಿತ್ತು. "ಬಂದ್ಲು" ಅಂದೆ. ಅವಳು ಪರದೆಯ ಮುಂದೆ ಕೈ ನಿವಾಳಿಸಿ ನೆಟಿಗೆ ಮುರಿದಳು.

ವರ್ಷಗಳಾದವು. ಅವಳು ಕೇಳುವುದನ್ನು ಬಿಡಲಿಲ್ಲ, ನಾನು ಹೇಳುವುದನ್ನು. "ಬೊಂಬೆ ಕಣ್ಲಾ ಅದು, ಅದ್ಕ್ಯಾಕೆ ಇಷ್ಟು ಕೊರಗ್ತೀಯ?" ಅನ್ನುತ್ತಾರೆ ಗೆಳೆಯರು. ಬೊಂಬೆಯೇ ಇರಲಿ. ಹಬ್ಬದ ದಿನ ಮಣ್ಣಿನ ಗೌರಿಗೆ ಕೈಮುಗಿಯುವವರು ನನಗೆ ಬುದ್ಧಿ ಹೇಳಬೇಡಿ. "ಮುದುಕಿ ಸಂತೋಷವಾಗಿದ್ದಾಳೆ, ಸುಮ್ಮನಿರಿ" ಅಂದಳು ಹೆಂಡತಿ. ಸುಮ್ಮನಿದ್ದದ್ದು ಸಾಕಾಗಿತ್ತು.

ಮೊನ್ನೆ ಎಲ್ಲ ಹೇಳಿಬಿಟ್ಟೆ. ದೊಡ್ಡಮ್ಮ ಅಳಲಿಲ್ಲ, ಬೈಯಲಿಲ್ಲ. "ಹೆಸ್ರಿಟ್ಟ ಮ್ಯಾಲೆ ಎಂಗ್ಲಾ ಕೊಂದೆ?" ಎಂದು ಕೇಳಿದಳು, ಅಷ್ಟೇ. ಈಗ ಸಂಜೆ ಕಾಲು ತೊಳೆದವಳು ನೇರ ಅಡುಗೆಮನೆಗೆ ಹೋಗುತ್ತಾಳೆ.

ಕ್ಷಮಿಸು ಅನ್ನುವ ಮುಖ ನನಗಿಲ್ಲ. ಆದರೆ ಅದು ಬರೀ ಆಟ ಅಂತ ಮಾತ್ರ — ಸತ್ತರೂ ಹೇಳುವುದಿಲ್ಲ.