ಕುಂಕುಮ ಹಚ್ಚಿದ ಟ್ಯಾಬ್ಲೆಟ್

ಹೊಸ ಆಪರೇಟಿಂಗ್ ಸಿಸ್ಟಂ ಇದ್ದ ಟ್ಯಾಬ್ಲೆಟ್ ಮಾರೋದಕ್ಕೆ ಕಂಪನಿ ನನ್ನನ್ನು ದೇವರಾಜ ಮೊಹಲ್ಲಾದ ಅಂಗಡಿಯೊಂದರಲ್ಲಿ ನಿಲ್ಲಿಸಿತ್ತು. ಅದರಲ್ಲಿ ಒಂದು ಬಟನ್ನೂ ಕಾಣಿಸದು. ಪರದೆಯ ಮೂಲೆಯಿಂದ ಬೆರಳು ಎಳೆದರೆ ಮಾತ್ರ ಮೆನು ಬರೋದು. ಎಷ್ಟು ಹೇಳಿಕೊಟ್ಟರೂ ಗಿರಾಕಿಗಳು ಮೂಲೆ ಮರೆತು, ತಬ್ಬಿಬ್ಬಾಗಿ ಹೊರಟುಬಿಡೋರು.

ಆಯುಧಪೂಜೆಯ ದಿನ ಅಂಗಡಿ ಯಜಮಾನರು ಟ್ಯಾಬ್ಲೆಟ್ಟಿನ ಆ ಮೂಲೆಗೂ ಕುಂಕುಮ ಹಚ್ಚಿದರು. ಒಬ್ಬರು ಅಜ್ಜಿ ಬಂದು, ಹಣೆಗಿಟ್ಟುಕೊಳ್ಳೋಣ ಅಂತ ಅದನ್ನು ಸವರಿದರು. ಮೆನು ತೆರೆದುಕೊಂಡಿತು!

"ಎಷ್ಟು ಸಲೀಸು ಕಣಪ್ಪ! ಹಬ್ಬ ಮುಗಿದ್ಮೇಲೆ ತಗೋತೀನಿ."

ಹಬ್ಬ ಮುಗೀತು, ನಾನು ಟ್ಯಾಬ್ಲೆಟ್ಟಿನ ಗಾಜು ಒರೆಸಿಟ್ಟೆ. ಅಜ್ಜಿ ಬಂದವರೇ ಪರದೆಯೆಲ್ಲಾ ತಡಕಾಡಿ, "ಇದು ಬೇಡಪ್ಪ, ಅವತ್ತು ತೋರಿಸಿದ್ಯಲ್ಲ, ಅದನ್ನೇ ಕೊಡು" ಅಂದರು.

"ಯಾಕ್ರೀ ಮಾರಾಟ ಆಗ್ಲಿಲ್ಲ?" ಅಂತ ಕಂಪನಿಯ ನಮ್ಮ ಸಾಹೇಬರು ಫೋನಿನಲ್ಲಿ ಗದರಿದರು.

"ಕುಂಕುಮ ಇರ್ಲಿಲ್ಲ ಸಾರ್" ಅಂದುಬಿಟ್ಟೆ.